ಮೂರು ಹೊಲಿಗೆ, ಒಂದು ಗಂಟು

ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ನಮ್ಮ ಬಟ್ಟೆಮನೆಯಲ್ಲಿ ಅವಳನ್ನು ಎಲ್ಲರೂ ಗುರುತಿನಕ್ಕ ಎಂದೇ ಕರೆಯುತ್ತಾರೆ. ಮೊದಲು ಅದು ಚೇಷ್ಟೆಗೆ ಇಟ್ಟ ಹೆಸರು. ಆಮೇಲೆ ಹಾಜರಿ ಕೂಗುವ ಮೇಸ್ತ್ರಿಯ ಬಾಯಲ್ಲೂ ಅದೇ ಕೂತಿತು. ನಾನು ಅಲ್ಲಿ ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕುವವಳು. ನನ್ನ ಹೊಲಿಗೆ ಯಂತ್ರಕ್ಕೂ ಅವಳು ಬಟ್ಟೆ ವಿಂಗಡಿಸುತ್ತಿದ್ದ ಮೇಜಿಗೂ ನಾಲ್ಕು ಹೆಜ್ಜೆ ದೂರ. ಐದು ವರ್ಷ ಆ ನಾಲ್ಕು ಹೆಜ್ಜೆಯಾಚೆಯಿಂದ ಕಂಡದ್ದನ್ನೂ, ಊಟದ ಹೊತ್ತಿನಲ್ಲಿ ಅವಳೇ ಹೇಳಿದ್ದನ್ನೂ ಬರೆದಿದ್ದೇನೆ.

ಅವಳ ಊರಿನಲ್ಲಿ ಅವರದನ್ನು ಬಿಟ್ಟು ಮೂವತ್ತೆರಡು ಮನೆ. ಅಷ್ಟೂ ಮನೆಯ ಬಟ್ಟೆ ಒಗೆಯುತ್ತಿದ್ದವರು ಅವಳು ಮತ್ತು ಅವಳ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಅವಳಿಗೆ ಹದಿಮೂರು. ಬಟ್ಟೆಯ ಗಂಟಿನ ಮೇಲೆ ಅವನನ್ನು ಮಲಗಿಸಿ, ಕಣ್ಣಳತೆಯಲ್ಲೇ ಇಟ್ಟುಕೊಂಡು ಒಗೆದಳು. ದೊಡ್ಡವನಾದ ಮೇಲೆ ಗಂಟು ಹೊರುವುದು ಅವನ ಪಾಲು, ಗುರುತು ನೋಡಿ ಹಂಚುವುದು ಅವಳ ಪಾಲು.

ಗುರುತು ಎಂದರೆ ನೀಲಿ ನೂಲಿನ ನಾಲ್ಕಾರು ಹೊಲಿಗೆ. ಬಟ್ಟೆಯ ಒಳಮಡಿಕೆಯ ಮೂಲೆಯಲ್ಲಿ, ಉಟ್ಟವರಿಗೂ ಕಾಣದಂತೆ. ಬಾವಿಯ ಮನೆಗೆ ಒಂದು ಸುತ್ತು, ಬಡಗಿಯ ಮನೆಗೆ ಅಡ್ಡ ಎರಡು ಗೆರೆ, ಮೂಲೆಮನೆಗೆ ಹಕ್ಕಿಯ ಹೆಜ್ಜೆ. ಓದು ಬಾರದವಳು, ಆದರೆ ಮೂವತ್ತೆರಡರಲ್ಲಿ ಒಂದು ದಿನವೂ ಒಂದು ಬಟ್ಟೆ ಅದಲು ಬದಲಾಗಲಿಲ್ಲ. ಅವರ ಸ್ವಂತ ಮನೆಗೆ ಮಾತ್ರ ಗುರುತಿರಲಿಲ್ಲ. ಎಲ್ಲರದನ್ನೂ ಹಂಚಿ ಮುಗಿಸಿದ ಮೇಲೆ ಉಳಿದದ್ದು ಅವರದು.

ಊರಿನ ಪಕ್ಕದಲ್ಲಿ ಒಂದು ಹೆಂಚಿನ ಕಾರ್ಖಾನೆಯಿತ್ತು. ಗಂಡಸರ ಅಂಗಿಗಳೆಲ್ಲ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತಿದ್ದವು. ಎಷ್ಟು ಕುಕ್ಕಿದರೂ ನೀರಿಗೆ ಕೆಂಪು ಬಿಡುತ್ತಲೇ ಇರುತ್ತಿತ್ತು. ಆ ಕೆಂಪನ್ನು ಅವಳು ಬೈಯದ ದಿನವಿಲ್ಲ. ಜನ ಹೆಂಚು ಬಿಟ್ಟು ಸಿಮೆಂಟಿನ ಮನೆ ಕಟ್ಟಿಸತೊಡಗಿದ ಮೇಲೆ ಒಲೆ ಆರಿತು. ಒಂದು ವಾರ ಗಂಟು ಬಿಚ್ಚಿದರೆ ಅಂಗಿಗಳಲ್ಲಿ ಕೆಂಪೇ ಇಲ್ಲ. "ಆವತ್ತು ಒಗೆಯೋದು ಸುಲಭ ಆಯ್ತು ಅಂತ ಖುಷಿಪಟ್ಟೆ ನೋಡು, ನನ್ನಂಥ ದಡ್ಡಿ ಇಲ್ಲ," ಎಂದಳು ನನ್ನ ಹತ್ತಿರ. ಹೊಲ ನಂಬೋಣವೆಂದರೆ, ಅಣ್ಣತಮ್ಮಂದಿರು ಹಂಚಿಕೊಂಡೂ ಹಂಚಿಕೊಂಡೂ ಒಬ್ಬೊಬ್ಬರಿಗೆ ನೇಗಿಲು ತಿರುಗಿಸುವಷ್ಟು ಅಗಲವೂ ಉಳಿದಿರಲಿಲ್ಲ.

ಮುಂದೆ ಊರು ಹೇಗೆ ಖಾಲಿಯಾಯಿತೆಂಬುದು ಬೇರೆಯವರಿಗಿಂತ ಮೊದಲು ಅವಳ ಕೈಗೆ ತಿಳಿಯುತ್ತಿತ್ತು. ಮೊದಲು ಗಂಟಿನಲ್ಲಿ ಗಂಡಸರ ಅಂಗಿ ಇಲ್ಲವಾಯಿತು. ಆರು ತಿಂಗಳಿಗೊಮ್ಮೆ ಬಂದಾಗ ಬೂದು ಬಣ್ಣದಲ್ಲಿ ಬರುತ್ತಿದ್ದವು. ತೋಳಿನ ತುದಿಯಲ್ಲಿ ಸಿಮೆಂಟು ಕಲ್ಲಾಗಿರುತ್ತಿತ್ತು. ಅದನ್ನು ಕುಟ್ಟಿ ಉದುರಿಸಬೇಕು. ಯಾರಿಗೆ ಹೆಂಚು ಬೇಡವಾಯಿತೋ ಅವರದೇ ಮನೆ ಕಟ್ಟಲು ಹೋಗಿದ್ದರು. ಮಾರನೆಯ ವರ್ಷ ಮಕ್ಕಳ ಶಾಲೆಯ ಬಟ್ಟೆ ನಿಂತಿತು. ಆಮೇಲೆ ಹೆಂಗಸರದು. ಕೊನೆಗೆ ಒಂದೊಂದು ಮನೆಯಿಂದ ಒಂದು ಹೊದಿಕೆ, ಒಂದು ಹಳೆಯ ಸೀರೆ. ಮೂವತ್ತೆರಡು ಮನೆಯ ಬಟ್ಟೆ ಒಂದೇ ಗಂಟಿಗೆ ಬಂದಾಗ ತಮ್ಮ ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, "ಅಕ್ಕಾ, ಇದನ್ನ ಹೊರೋಕೆ ನಾನ್ಯಾಕೆ? ನಿನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗು," ಎಂದ.

ಅವನೂ ಕಟ್ಟಡದ ಕೆಲಸಕ್ಕೆಂದು ಪಟ್ಟಣಕ್ಕೆ ಹೊರಟ ದಿನ ಅವಳು ಅವನ ನಾಲ್ಕು ಅಂಗಿಗಳಿಗೂ ಗುರುತು ಹಾಕಿದಳು. ಅಲ್ಲಿಯತನಕ ಇಲ್ಲದ ಗುರುತು. ಅಡ್ಡಕ್ಕೆ ಮೂರು ಹೊಲಿಗೆ, ಅದರ ತಲೆಯ ಮೇಲೆ ಒಂದು ಗಂಟು.

"ನಮ್ಮನೆಗೂ ಗುರುತು ಬಂತಲ್ಲಪ್ಪ, ದೊಡ್ಡ ಮನುಷ್ಯರಾದ್ವಿ," ಎಂದು ಅವನು ನಕ್ಕ.

"ಅಲ್ಲಿ ಯಾರ್ಯಾರದೋ ಬಟ್ಟೇಲಿ ಬೆರೆತುಹೋದ್ರೆ ಗೊತ್ತಾಗಬೇಡ್ವೇನೋ?"

"ಅಂಗಿ ಬೆರೆಯುತ್ತೋ, ನಾನೇ ಬೆರೀತೀನೋ."

"ಎರಡೂ ಬೇಡ. ಸುಮ್ನೆ ಹೋಗಿ ಬಾ."

ಎರಡು ವರ್ಷ ಅವನು ತಿಂಗಳಿಗೊಮ್ಮೆ ಅಂಗಡಿಯ ಫೋನಿಗೆ ಮಾಡುತ್ತಿದ್ದ. ಊರಿನಲ್ಲಿ ಕೊಳ್ಳುವವರಿಲ್ಲವಾದ ಮೇಲೆ ಅಂಗಡಿಯವನೂ ಬಾಗಿಲು ಹಾಕಿಕೊಂಡು ಹೊರಟ. ತಮ್ಮನ ಬಳಿಯಿದ್ದ ನಂಬರು ಅದೊಂದೇ. ಇವಳು ಎಂಟು ತಿಂಗಳು ಕಾದಳು. ನಂತರ ಮೂಲೆಮನೆಯ ಅಜ್ಜಿಗೆ, "ಅವನು ಬಂದ್ರೆ ಪಟ್ಟಣದ ದೊಡ್ಡಾಸ್ಪತ್ರೇಲಿ ಬಟ್ಟೆ ಕೆಲಸಕ್ಕೆ ಹೋದಳು ಅಂತ ಹೇಳವ್ವ," ಎಂದು ಹೇಳಿ ತಾನೂ ಹೊರಟಳು. ಆರೇ ತಿಂಗಳಲ್ಲಿ ಆ ಅಜ್ಜಿಯನ್ನೂ ಮಗಳು ಬಂದು ಕರೆದುಕೊಂಡು ಹೋದಳು. ಹೇಳಲು ಇದ್ದ ಬಾಯಿಯೂ ಊರಲ್ಲಿ ಉಳಿಯಲಿಲ್ಲ. ಅವನು ಬಂದು, ಬೀಗ ನೋಡಿಕೊಂಡು ಹಿಂದಿರುಗಿರಬಹುದು ಎಂಬುದು ಅವಳನ್ನು ತಿನ್ನುತ್ತಿದ್ದ ಚಿಂತೆ. ಅವನನ್ನು ಹುಡುಕಬೇಕು ಎಂಬುದೊಂದನ್ನು ಬಿಟ್ಟರೆ ಅವಳಿಗೆ ಪಟ್ಟಣದಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲ. ಬಟ್ಟೆ ಒಗೆಯುವುದು ಹೊಟ್ಟೆಗೆ.

ಬಂದ ಮೊದಲ ವಾರವೇ ಒಂದು ರಾದ್ಧಾಂತ ಮಾಡಿದಳು. ನಮ್ಮಲ್ಲಿ ದಿನಕ್ಕೆ ಎಂಟುನೂರು ಹಾಸುಬಟ್ಟೆ ಬರುತ್ತವೆ, ಎಲ್ಲವೂ ಒಂದೇ ಬಿಳಿ, ಒಂದೇ ಅಳತೆ. ಒಬ್ಬರು ಮಲಗಿದ್ದು ಇನ್ನೊಬ್ಬರ ಕೆಳಗೆ ಹೋಗಬಾರದೆಂದು ಅವಳು ಮೂಲೆಮೂಲೆಗೆ ನೀಲಿ ನೂಲಿನ ಗುರುತು ಹಾಕುತ್ತ ಕೂತಳು. ನೂರಿಪ್ಪತ್ತಕ್ಕೆ ಹಾಕಿ ಮುಗಿಸಿದ್ದಳು. ತಳ್ಳುಗಾಡಿಗಳು ಬಾಗಿಲಾಚೆಯತನಕ ಸಾಲು ನಿಂತವು. ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು, "ಏನಮ್ಮಾ ಇದು? ಇಲ್ಲಿ ಮಲಗೋರಿಗೇ ಗುರುತಿಲ್ಲ, ನೀನು ಬಟ್ಟೆಗೆ ಹುಡುಕ್ತೀಯಲ್ಲ," ಎಂದ. ಆ ನೂರಿಪ್ಪತ್ತನ್ನೂ ಕೂತು ಬಿಚ್ಚಿದವಳು ನಾನು. ನೂಲು ಎಷ್ಟು ಬಿಗಿಯಾಗಿತ್ತೆಂದರೆ ಬಟ್ಟೆ ಹರಿಯುತ್ತಿತ್ತೇ ಹೊರತು ಗಂಟು ಬಿಡುತ್ತಿರಲಿಲ್ಲ. ಅವಳಿಗೆ ಹೆಸರು ಬಿದ್ದದ್ದು ಆವತ್ತೇ.

ಹಾಗಿದ್ದರೂ ಅವಳ ಕೈಚಳಕ ನೋಡಿ ವಿಂಗಡಣೆ ಮೇಜಿಗೇ ನಿಲ್ಲಿಸಿದರು. ಅದೇ ಅವಳಿಗೆ ಬೇಕಾಗಿದ್ದದ್ದು. ನೆಂಟರಿಷ್ಟರಿಲ್ಲದ ರೋಗಿಗಳ ಸ್ವಂತ ಬಟ್ಟೆಯನ್ನೂ ಚೀಲದಲ್ಲಿ ಕಟ್ಟಿ, ಹಾಸಿಗೆಯ ನಂಬರು ಬರೆದು ನಮ್ಮಲ್ಲಿಗೇ ಕಳಿಸುತ್ತಾರೆ. ಅಂಥ ಚೀಲ ಬಂದಾಗಲೆಲ್ಲ ಅವಳು ಪ್ರತಿಯೊಂದರ ಒಳಮಡಿಕೆ ತಿರುಗಿಸಿ ನೋಡುತ್ತಿದ್ದಳು. ಐದು ವರ್ಷ ನೋಡಿದಳು. ಮನೆಯೆಂದು ಅವಳಿಗಿದ್ದದ್ದು ಇನ್ನೂ ಮೂವರು ಹೆಂಗಸರ ಜೊತೆ ಹಂಚಿಕೊಂಡ ಒಂದು ಕೋಣೆ. ಒಂದೇ ಕಿಟಕಿ, ಅದೂ ಪಕ್ಕದ ಗೋಡೆಗೆ ತೆರೆಯುತ್ತಿತ್ತು. ಅಲ್ಲಿಯೂ ಹಗ್ಗದ ಮೇಲೆ ಒಣಗುವ ಪಕ್ಕದ ಮನೆಗಳ ಅಂಗಿಗಳನ್ನು ತಿರುಗಿಸಿ ನೋಡಿ ಬೈಸಿಕೊಂಡಿದ್ದಾಳೆ.

ಹೋದ ವರ್ಷ ಒಂದು ಮಂಗಳವಾರ, ಹನ್ನೊಂದರ ಹೊತ್ತಿಗೆ, ಅವಳ ಮೇಜಿನ ಸದ್ದು ನಿಂತಿತು. ತಲೆಯೆತ್ತಿದೆ. ಬಣ್ಣ ಹೋದ ಒಂದು ಅಂಗಿಯ ಅಂಚನ್ನು ಬೆರಳಲ್ಲಿ ಹಿಡಿದು ನಿಂತಿದ್ದಳು. ನನ್ನ ಹತ್ತಿರ ತಂದು ಯಂತ್ರದ ಮೇಲೆ ಹರಡಿದಳು. ನೀಲಿ ಮಾಸಿ ಬೂದುಬಣ್ಣವಾಗಿತ್ತು. ಆದರೆ ಅಡ್ಡಕ್ಕೆ ಮೂರು ಹೊಲಿಗೆ, ಮೇಲೊಂದು ಗಂಟು.

"ಚೀಲದ ಮೇಲೆ ಏನ್ ಬರೆದಿದೆ, ಓದು," ಎಂದಳು. ನನಗೆ ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಗಂಡಸರ ವಾರ್ಡು, ಹದಿನೇಳನೆಯ ಹಾಸಿಗೆ. ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ.

ಮೇಸ್ತ್ರಿಯನ್ನು ಕೇಳಿದರೆ, ಕೊಳೆ ಬಟ್ಟೆ ಮುಟ್ಟುವವರು ವಾರ್ಡಿಗೆ ಹೋಗುವಂತಿಲ್ಲ ಎಂದ. ಗಾಡಿ ತಳ್ಳುವವನನ್ನು ವಿಚಾರಿಸಿದೆವು. "ಹದಿನೇಳಾ? ಕಟ್ಟಡದ ಸಾರುವೆಯಿಂದ ಬಿದ್ದವನು. ದವಡೆ ಕಟ್ಟಿದ್ದಾರೆ. ಯಾರೂ ಬಂದಿಲ್ಲ, ಅವನೂ ಏನೂ ಹೇಳಲ್ಲ. ಗುರುವಾರ ಬೆಳಿಗ್ಗೆ ಊರಾಚೆ ಅನಾಥರ ಆಶ್ರಮಕ್ಕೆ ಸಾಗಿಸ್ತಾರಂತೆ," ಎಂದ.

ಆ ಸಂಜೆ ಅವಳು ಊಟ ಮಾಡಲಿಲ್ಲವೆಂದು ಅವಳ ಕೋಣೆಯವರು ಹೇಳಿದರು. ಅಂಗಿ ಒಗೆದು, ಕೈಯಲ್ಲೇ ನೀವಿ ಮಡಚಿದಳಂತೆ.

ಬುಧವಾರ ನಾನೊಂದು ಉಪಾಯ ಮಾಡಿದೆ. ತೇಪೆಯವಳಿಗೆ ಪರದೆ ಅಳೆಯಲು ಮೇಲೆ ಹೋಗುವ ಅನುಮತಿಯುಂಟು. ಅಳತೆ ಟೇಪಿನ ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದು ನಾನು ಹಿಡಿದು, ಇಬ್ಬರೂ ಮೆಟ್ಟಿಲು ಹತ್ತಿದೆವು. ಬಾಗಿಲಲ್ಲಿ ಕೂತವನು ಕೇಳಿದ, "ಪರದೆ ಅಳೆಯೋಕೆ ಇಬ್ಬರಾ?"

"ಉದ್ದ ನನ್ನದು, ಅಗಲ ಇವಳದು," ಎಂದೆ. ಅವನು ಆಕಳಿಸಿ ಬಿಟ್ಟ.

ಹದಿನೇಳರ ಹತ್ತಿರ ಹೋದಾಗ ಅವಳು ಮುಖ ನೋಡಲಿಲ್ಲ. ಮುಖದ ತುಂಬ ಗಡ್ಡ, ಬಟ್ಟೆಯ ಪಟ್ಟಿ. ನೇರವಾಗಿ ಕಾಲಿನ ಕಡೆಗೆ ಹೋಗಿ ಹೊದಿಕೆ ಸರಿಸಿದಳು. ತಮ್ಮನ ಎಡಗಾಲಿನ ಕಿರುಬೆರಳು ಸಣ್ಣವನಿದ್ದಾಗ ಒಗೆಯುವ ಕಲ್ಲಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಈ ಕಾಲಿನ ಐದೂ ಬೆರಳು ನೆಟ್ಟಗಿದ್ದವು. ಹೊದಿಕೆ ಮತ್ತೆ ಮುಚ್ಚಿದಳು. "ಇವನಲ್ಲ," ಎಂದಳು. ಅಷ್ಟೇ.

ಅವಳ ಊರಿನಲ್ಲಿ ಬಟ್ಟೆ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಗುರುತು ಸಿಕ್ಕಿತೆಂದರೆ ಮನೆ ಸಿಕ್ಕಿತು. ಐದು ವರ್ಷ ಪಟ್ಟಣದ ಕೊಳೆಯಲ್ಲಿ ಕೈಯಿಟ್ಟಿದ್ದರೂ ಆ ನಂಬಿಕೆ ಅವಳಿಂದ ಹೋಗಿರಲಿಲ್ಲ. ಇಲ್ಲಿ ಅಂಗಿ ಕೈ ಬದಲಾಗಬಹುದೆಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹಾಸಿಗೆಯಲ್ಲಿದ್ದವನು ಅವಳ ಕೈಯಲ್ಲಿದ್ದ ಅಂಗಿಯನ್ನು ನೋಡುತ್ತಿದ್ದ. ಹಲ್ಲು ಬಿಚ್ಚದೆ, ಗಾಳಿಯಲ್ಲಿ ಮಾತಾಡಿದಂತೆ ಹೇಳಿದ, "ಅದು ಅಣ್ಣಂದು."

"ಯಾವ ಅಣ್ಣ?"

"ಕೆಲಸದ ಜಾಗದಲ್ಲಿ ಒಂದೇ ಕೋಣೆ ನಮ್ದು. ಎಂಟು ಜನ. ಬೆಳಿಗ್ಗೆ ಹಗ್ಗದ ಮೇಲೆ ಯಾರ ಕೈಗೆ ಯಾವುದು ಸಿಕ್ತೋ ಅದು ಹಾಕ್ಕೊಂಡು ಹೋಗೋದು. ಅಣ್ಣ ಹೋಗುವಾಗ ಇದು ನನ್ನ ಮೈಮೇಲಿತ್ತು. ಇರಲಿ ಬಿಡು ಅಂದ."

"ಎಲ್ಲಿಗೆ ಹೋದ?"

"ಸೇತುವೆ ಕೆಲಸ ಅಂತ ಲಾರೀಲಿ ಕರ್ಕೊಂಡು ಹೋದ್ರು. ಯಾವ ಊರೋ. ಒಂದು ವರ್ಷದ ಮೇಲಾಯ್ತು."

"ಚೆನ್ನಾಗಿದ್ನಾ?"

"ನಮ್ಮ ಎಂಟೂ ಜನದ ಬಟ್ಟೆ ಅವನೇ ಒಗೀತಿದ್ದ. ಬೇರೆಯವರು ಒಗೆದ್ರೆ ಬೈತಿದ್ದ. ಕುಕ್ಕೋಕೆ ಬರಲ್ಲ ನಿಮಗೆ ಅಂತ. ಒಂದು ಸಲ ಊರಿಗೆ ಹೋಗಿ ಬಂದ. ಅಕ್ಕ ಇಲ್ಲ, ಬೀಗ ಇತ್ತು ಅಂದ."

ಅವಳು ಮಂಚದ ಕಂಬಿ ಹಿಡಿದುಕೊಂಡು ನೆಲದ ಮೇಲೆ ಕೂತಳು. ನಾನು ಟೇಪನ್ನು ಸುತ್ತುತ್ತ ನಿಂತೆ. ಅವಳೇ ಕೇಳಿದಳು, "ನಿನಗೆ ಹೆಸರು ದಿಕ್ಕು ಇಲ್ವೇನಪ್ಪ? ಹೇಳಿದ್ರೆ ಮನೆಯವರು ಬರ್ತಾರಲ್ಲ."

"ಹೆಂಡತಿ ಬರ್ತಾಳೆ. ಅದಕ್ಕೇ ಹೇಳಲ್ಲ. ನಾನಿಲ್ಲಿ ಮೇಲ್ವಿಚಾರಣೆ ಮಾಡ್ಕೊಂಡು ನೆರಳಲ್ಲಿದ್ದೀನಿ ಅಂದ್ಕೊಂಡಿದ್ದಾಳೆ. ಇದನ್ನ ನೋಡಿದ್ರೆ ಅಲ್ಲಿರೋ ಒಂದು ಹಸು, ಒಂದು ತುಂಡು ಹೊಲ ಎಲ್ಲ ಬಿಟ್ಟು ಮಕ್ಕಳನ್ನ ಕಟ್ಕೊಂಡು ಇಲ್ಲಿಗೇ ಬಂದುಬಿಡ್ತಾಳೆ."

ಅಷ್ಟರಲ್ಲಿ ಕಾಗದಪತ್ರದ ಗುಮಾಸ್ತೆ ಬಂದಳು. ಕೈಯಲ್ಲಿ ಆಶ್ರಮಕ್ಕೆ ಕಳಿಸುವವರ ಪಟ್ಟಿ. ನೆಲದ ಮೇಲೆ ಕೂತವಳನ್ನು ನೋಡಿ, "ನಿಮ್ಮವರಾ ಇವರು?" ಎಂದಳು.

ಗುರುತಿನಕ್ಕ ಅಂಗಿಯ ಮಡಿಕೆ ಬಿಚ್ಚಿದಳು, ಮತ್ತೆ ಮಡಚಿದಳು. "ಹೌದು, ನಮ್ಮನೆಯವನೇ," ಎಂದಳು.

"ಏನಾಗಬೇಕು?"

"ತಮ್ಮ."

"ಇಷ್ಟು ದಿನ ಎಲ್ಲಿದ್ರಿ?"

"ಕೆಳಗೆ ಇದ್ದೆ," ಎಂದಳು.

ಹಾಸಿಗೆಯವನು ಗೋಡೆಯ ಕಡೆ ಮುಖ ತಿರುಗಿಸಿದ. ಹೆಸರಿನ ಜಾಗದಲ್ಲಿ ತಮ್ಮನ ಹೆಸರು ಬರೆಸಿದಳು, ವಯಸ್ಸನ್ನೂ ಅವನದೇ ಹೇಳಿದಳು. ಹೆಬ್ಬೆಟ್ಟು ಒತ್ತಿದಳು. ಗುಮಾಸ್ತೆ ಪಟ್ಟಿಯಲ್ಲಿ ಒಂದು ಸಾಲು ಹೊಡೆದುಹಾಕಿ ಮುಂದಿನ ಮಂಚಕ್ಕೆ ಹೋದಳು.

ಮೆಟ್ಟಿಲಿಳಿಯುವಾಗ ನಾನು, "ಯಾಕೆ ಹಾಗಂದೆ?" ಎಂದು ಕೇಳಿದೆ. "ಅಂಗಿ ನಮ್ಮನೇದಲ್ವಾ," ಎಂದಳು. ಎರಡು ಮೆಟ್ಟಿಲು ಇಳಿದು, "ಅವನು ಬಂದಿದ್ದ, ಕೇಳಿದ್ಯಾ? ಬಂದು ಬೀಗ ನೋಡಿದ," ಎಂದಳು.

ಅವನು ಇನ್ನೂ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ನೆಂಟರಾದ್ದರಿಂದ ಅವಳಿಗೆ ಮೇಲೆ ಹೋಗಲು ಚೀಟಿ ಸಿಕ್ಕಿತು. ಊಟದ ಹೊತ್ತಿನಲ್ಲಿ ಹೋಗಿ ಗಂಜಿ ಕುಡಿಸಿ ಬರುತ್ತಿದ್ದಳು. ಮೇಸ್ತ್ರಿಗೆ ವಿಷಯ ತಿಳಿಯಿತು. ಕೇಳದೆ ಮೇಲೆ ಹೋದದ್ದಕ್ಕೆ ಅವಳನ್ನು ವಿಂಗಡಣೆ ಮೇಜಿನಿಂದ ತೆಗೆದು ಒದ್ದೆ ಬಟ್ಟೆಯ ಕಡೆಗೆ ಹಾಕಿದ. ನನಗೂ ಎರಡು ಮಾತು ಬಿದ್ದವು, ವಯಸ್ಸಾದವಳೆಂದು ಬಿಟ್ಟ. ಒದ್ದೆಯ ಕಡೆ ಬಟ್ಟೆ ಯಂತ್ರದಿಂದ ಮುದ್ದೆಯಾಗಿ ಬರುತ್ತದೆ. ಎತ್ತಿ ಹಿಂಡುವ ಯಂತ್ರಕ್ಕೆ ತುಂಬುವುದಷ್ಟೇ ಕೆಲಸ, ಒಳಮಡಿಕೆ ನೋಡುವ ಪುರಸೊತ್ತಿಲ್ಲ. ಇದು ಹೀಗಾಗುತ್ತದೆಂದು ಅವಳಿಗೆ ಮೇಲೆ ಹೋಗುವಾಗಲೇ ಗೊತ್ತಿತ್ತು.

ಅವನನ್ನು ಆಸ್ಪತ್ರೆಯಿಂದ ಬಿಡುವ ದಿನ ಅಂಗಿಯನ್ನು ಅವನಿಗೇ ಹಾಕಿ ಕಳಿಸಿದಳು. ಅದನ್ನಾದರೂ ಇಟ್ಟುಕೊಳ್ಳಬಾರದೇ ಎಂದೆ. "ಪೆಟ್ಟಿಗೇಲಿಟ್ಟರೆ ಯಾರಿಗೆ ಕಾಣುತ್ತೆ? ತಿರುಗಾಡ್ಲಿ," ಎಂದಳು. ಹಿಂದಿನ ದಿನ ಮಾಸಿದ ಗುರುತಿನ ಪಕ್ಕದಲ್ಲೇ ಹೊಸ ನೀಲಿ ನೂಲಿನಲ್ಲಿ ಇನ್ನೊಂದು ಹಾಕಿದ್ದಳು. ಎಂದಾದರೂ ಈ ಅಂಗಿ ತಮ್ಮನ ಕಣ್ಣಿಗೆ ಬಿದ್ದರೆ, ನೂಲು ಹೊಸದೆಂದು ಅವನಿಗೆ ತಿಳಿಯುತ್ತದೆ, ಅಕ್ಕ ಇದ್ದಾಳೆಂದು ತಿಳಿಯುತ್ತದೆ ಎಂಬುದು ಅವಳ ಎಣಿಕೆ. ಎಲ್ಲಿದ್ದಾಳೆಂದು ಹೇಳುವ ಹೊಣೆಯನ್ನು ಆ ಗಾಯಾಳು ಹೊತ್ತುಕೊಂಡ. ಊರಿಗೆ ಹೋಗುತ್ತೀಯಾ ಎಂದರೆ, ದವಡೆ ಸರಿಹೋಗಲಿ, ಆಮೇಲೆ ನೋಡೋಣ ಎಂದ. ಅವನಿಂದ ಸುದ್ದಿಯೇನೂ ಬಂದಿಲ್ಲ.

ಅವಳ ಬೆರಳ ಸಂದುಗಳು ಈಗ ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಊಟದ ಹೊತ್ತಿನಲ್ಲಿ ನನ್ನ ಯಂತ್ರದ ಪಕ್ಕ ಕೂತು ತಟ್ಟೆ ಖಾಲಿಮಾಡಿ, ಅಲ್ಲೇ ಒರಗಿ ಕಣ್ಣು ಮುಚ್ಚುತ್ತಾಳೆ. ಮುಚ್ಚಿಕೊಂಡೇ ಕೇಳುತ್ತಾಳೆ, "ಇವತ್ತು ಚೀಲ ಎಷ್ಟು ಬಂದ್ವು?"

"ಆರು."

"ನೋಡಿದ್ಯಾ?"

"ನೋಡಿದೆ. ತೋಳು, ಅಂಚು, ಎಲ್ಲಾ ತಿರುಗಿಸಿ ನೋಡಿದೆ."

"ಹೂಂ."

ಚೀಲಗಳು ಹೊಸ ವಿಂಗಡಣೆಯವಳ ಮೇಜಿಗೆ ಹೋಗುವ ಮೊದಲು ನನ್ನ ಹತ್ತಿರ ಬರುವಂತೆ ಗಾಡಿಯವನಿಗೆ ಹೇಳಿಟ್ಟಿದ್ದೇನೆ. ಹರಿದಿದೆಯೇ ನೋಡಬೇಕು ಎಂಬ ನೆಪ. ನನ್ನ ಕನ್ನಡಕ ಹಳೆಯದು, ಹಾಗಾಗಿ ಅಂಚಿನ ಉದ್ದಕ್ಕೂ ಬೆರಳಾಡಿಸಿ ಗಂಟು ಹುಡುಕುತ್ತೇನೆ. ಇವತ್ತು ಬೆಳಿಗ್ಗೆ ನಾಲ್ಕು ಚೀಲ ಬಂದಿದ್ದವು. ಮೂರು ನೋಡಿ ಮುಗಿಸಿದ್ದೇನೆ.