ನಾಗಪ್ಪ ಕಾಕಾನ ಶುಗರ್

ನಮ್ಮ ಓಣಿಯ ನಾಗಪ್ಪ ಕಾಕಾ ಬೆಳಿಗ್ಗೆ ವಾಕಿಂಗ್ ಹೊರಟರೆಂದರೆ ಕೈಯಲ್ಲಿ ಒಂದು ಖಾಲಿ ಹಾಲಿನ ಕ್ಯಾನು ಇದ್ದೇ ಇರುತ್ತಿತ್ತು. ಹಾಲೇನೋ ಅವರ ಮನೆ ಬಾಗಿಲಿಗೇ ಬರುತ್ತಿತ್ತು. ಆದರೂ ಕ್ಯಾನು ಬೇಕು. ಲಕ್ಷ್ಮೇಶ್ವರದಲ್ಲಿ ಕೆಲಸವಿಲ್ಲದೆ ಬಿರುಸಾಗಿ ನಡೆಯುವ ಗಂಡಸನ್ನು ಮೂಲೆಗೊಬ್ಬರು ನಿಲ್ಲಿಸಿ ಎಲ್ಲಿಗೆ ಹೊರಟಿರಿ ಎನ್ನುತ್ತಾರೆ. ಕ್ಯಾನು ಹಿಡಿದವನನ್ನು ಯಾರೂ ಕೇಳುವುದಿಲ್ಲ. ಸೋಮೇಶ್ವರ ಗುಡಿಯವರೆಗೆ ಹೋಗಿ, ತುಳುಕೀತು ಎಂಬಂತೆ ಅದನ್ನು ಹುಷಾರಾಗಿ ಹಿಡಿದುಕೊಂಡು ವಾಪಸು ಬರುತ್ತಿದ್ದರು.

ಕಾಕಾ ಕಾಳಿನ ವ್ಯಾಪಾರಿ. ಅಂಗಡಿಯಲ್ಲಿ ನಕ್ಕರೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಹೊತ್ತುಹೊತ್ತಿಗೆ ಸಕ್ಕರೆ ಸುರಿದ ಚಹಾ, ಸಂಜೆಯಾದರೆ ಬಿಸಿಬಿಸಿ ಮಿರ್ಚಿ ಭಜಿ. ಅಂಥವರು ಒಂದು ಬೇಸಿಗೆಯಲ್ಲಿ ಮಾತು ನಿಲ್ಲಿಸಿಬಿಟ್ಟರು. ಗಿರಾಕಿ ಎದುರಿಗೆ ನಿಂತಿದ್ದರೂ ಗಾದಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಕೆಲವು ದಿನಗಳ ಮೇಲೆ ಅವರಿಗೆ ಶುಗರ್ ಬಂದಿದೆಯೆಂದು ಖಬರು ಹಬ್ಬಿತು. ಚಹಾದ ಸಕ್ಕರೆ ಹೋಯಿತು, ಮಿರ್ಚಿ ಹೋಯಿತು, ಕ್ಯಾನು ಬಂತು.

ಓಣಿಯವರು ಸುಮ್ಮನಿರುತ್ತಾರೆಯೇ? ಒಬ್ಬರು ಹಾಗಲಕಾಯಿ ರಸ ಕಳಿಸಿದರು, ಇನ್ನೊಬ್ಬರು ಮೆಂತ್ಯ ನೆನೆಸಿದ ನೀರು. ಕಾಕಾ ಎಲ್ಲವನ್ನೂ ಮುಖ ಕಿವುಚದೆ ಕುಡಿದರು. ಒಂದು ಮದುವೆಯಲ್ಲಿ ಹೋಳಿಗೆ ಬಡಿಸುತ್ತ ಬಂದವನು ಅವರ ಎಲೆ ದಾಟಿ ನನ್ನ ಗಂಡನ ಎಲೆಗೆ ಎರಡು ಹಾಕಿದ. ಕಾಕಾ ತಮ್ಮ ಎಲೆಯ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ಅಲ್ಲಿಗೆ ಅನ್ನ ಸರಿಸಿಕೊಂಡರು.

ಅವರಿಗೆ ಶುಗರ್ ಇಲ್ಲವೆಂಬುದು ಊರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಪ್ರಾಥಮಿಕ ಶಾಲೆಯ ಟೀಚರು. ಎರಡನೇ ಮಗು ನಡೆಯಲು ಕಲಿತ ವರ್ಷ ನನಗೆ ಕಾರಣವಿಲ್ಲದ ಬೇಸರ ಹತ್ತಿತು. ಹಾಜರಿ ಕೂಗುತ್ತಲೇ ಕಣ್ಣು ತುಂಬುತ್ತಿತ್ತು. ಗಂಡ ಒಳ್ಳೆಯವನು, ಅತ್ತೆ ಒಳ್ಳೆಯವರು, ಊಟಕ್ಕೆ ಕೊರತೆಯಿಲ್ಲ. ಇಷ್ಟೆಲ್ಲ ಇದ್ದೂ ಅಳು ಬರುತ್ತದೆಂದು ಯಾವ ಮುಖ ಹೊತ್ತು ಹೇಳಲಿ? ತರಬೇತಿ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಗದಗಿಗೆ ಹೋದೆ. ದವಾಖಾನೆಯ ಬೆಂಚಿನ ಮೇಲೆ, ಪೇಪರಿನಲ್ಲಿ ಮುಖ ಮುಚ್ಚಿಕೊಂಡು ನಾಗಪ್ಪ ಕಾಕಾ ಕೂತಿದ್ದರು.

ಶುಗರ್ ತೋರಿಸಲು ಬಂದಿದ್ದೇನೆ ಅಂದರು. ನಾನೂ ಶುಗರಿಗೇ ಅಂದೆ. ನಮ್ಮಿಬ್ಬರ ತಲೆಯ ಮೇಲೆ ‘ಮನೋರೋಗ ತಜ್ಞರು’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇಬ್ಬರೂ ನೆಲ ನೋಡುತ್ತ ಕೂತೆವು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ದೂರದೂರ ಕೂತೆವು. ಮುಳಗುಂದ ದಾಟಿದ ಮೇಲೆ ಕಾಕಾ ಎದ್ದು ನನ್ನ ಪಕ್ಕದ ಸೀಟಿಗೆ ಬಂದರು.

“ತಂಗಿ, ತಲಿ ಕೆಟ್ಟೈತಿ ಅಂದ್ರ ಅಂಗಡಿಗೆ ಯಾರ್ ಬರ್ತಾರ? ಮಗಳ ಲಗ್ನ ಬ್ಯಾರೆ ಆಗಬೇಕು. ಶುಗರ್ ಅಂದ್ರ ಮರ್ಯಾದಿ ಇರತೈತಿ.”

ಅಂದಿನಿಂದ ಕಂಪೌಂಡ್ ಗೋಡೆಯ ಆಚೆಯಿಂದ ಅವರು ನನಗೆ ಮೇಷ್ಟ್ರಾದರು. ಬಿಸಿಲಿಗೆ ಹೋಗಿದ್ದೆಯಾ, ಹೊತ್ತಿಗೆ ಸರಿಯಾಗಿ ಮಲಗಿದೆಯಾ, ಪಲ್ಯ ತಿಂದೆಯಾ ಎಂದು ವಿಚಾರಣೆ. ಡಾಕ್ಟರು ತಮಗೆ ಅಕ್ರೋಟು ತಿನ್ನಲು ಹೇಳಿದರೆಂದೂ, ಅದರ ಬದಲು ನಮ್ಮ ಅಗಸಿ ಹಿಂಡಿ, ಅದೇ ಅಗಸೆ ಬೀಜದ ಚಟ್ನಿಪುಡಿ, ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಭೇಷಾಗಿ ನಡೆಯುತ್ತದೆ ಅಂದರೆಂದೂ ಅವರಿಗೆ ದೊಡ್ಡ ಹಿಗ್ಗು. ಕಾಕಿಯ ಕೈಯಿಂದಲೇ ಹಿಂಡಿ ಕುಟ್ಟಿಸಿ ನನಗೂ ಒಂದು ಡಬ್ಬಿ ಕೊಟ್ಟರು. ರೊಟ್ಟಿಯ ಮೇಲೆ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು. ಮಾತ್ರೆಗಿಂತ ಮೊದಲು ಇದು ಎನ್ನುತ್ತಿದ್ದರು, ಆದರೆ ಮಾತ್ರೆ ಬಿಡಲು ಬಿಡುತ್ತಿರಲಿಲ್ಲ. ಆ ಮಾತ್ರೆಗಳಿಗೆ ಮನೆಯಲ್ಲಿ ನಾನೂ ಶುಗರ್ ಎಂದೇ ಹೇಳಿದ್ದೆ. “ಶುಗರ್ ಹ್ಯಾಂಗೈತಿ ತಂಗಿ?” ಎಂದು ಎಲ್ಲರೆದುರೇ ಕೇಳುವರು. “ಇವತ್ತು ಭಾಳ ಏರೈತ್ರಿ” ಎಂದರೆ ಬೆಳಿಗ್ಗೆಯಿಂದ ಅತ್ತಿದ್ದೇನೆಂದು ಅರ್ಥ. ಅವರ ಮುಂದೆ ಮಾತ್ರ ನನಗೆ ಉಸಿರಾಡಲು ಬರುತ್ತಿತ್ತು.

ನಿಧಾನವಾಗಿ ಇಬ್ಬರೂ ಚೇತರಿಸಿಕೊಂಡೆವು. ಕಾಕಾನ ನಗು ಮತ್ತೆ ನಮ್ಮ ಅಡುಗೆಮನೆ ಮುಟ್ಟಿತು. ಶುಗರ್ ಮಾತ್ರ ಅವರನ್ನು ಬಿಡಲಿಲ್ಲ. ವಾಸಿಯಾಯಿತು ಎನ್ನಲು ಅದೇನು ನೆಗಡಿಯೇ? ಹಬ್ಬದ ದಿನಗಳಲ್ಲಿ ಕಾಕಿ ಅವರ ಮುಂದಿನಿಂದ ಸಿಹಿಯ ಪಾತ್ರೆ ಎತ್ತಿಡುವುದನ್ನು ನಾನೇ ನೋಡಿದ್ದೇನೆ. ಕಾಕಾ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದರು.

ಹೋದ ಯುಗಾದಿಯ ಮರುದಿನ ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ.

ಅತ್ತೆಯ ಜೊತೆ ಕಾಕಿಯನ್ನು ಮಾತಾಡಿಸಲು ಹೋದೆ. ಕಾಕಿ ನನ್ನ ಕೈ ಹಿಡಿದು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಹಬ್ಬದ ದಿನ ಕಾಕಾ ಸಣ್ಣ ಹುಡುಗನ ಹಾಗೆ ಕಾಡಿದರಂತೆ. ಕಾಕಿಯೇ ಮಗಳ ಕಣ್ಣು ತಪ್ಪಿಸಿ, ತುಪ್ಪ ಹಾಕಿ ಹೋಳಿಗೆ ಕೊಟ್ಟರಂತೆ.

“ನಾನ ಕೊಂದ್ನಿ ತಂಗಿ. ಶುಗರ್ ಇದ್ದವರಿಗೆ ಕೈಯಾರೆ ಬಡಿಸಿದ್ನಿ.”

ಸುಮ್ಮನಿದ್ದರೆ ಈ ಹೆಂಗಸು ಸಾಯುವವರೆಗೂ ಇದನ್ನು ಹೊತ್ತು ತಿರುಗುತ್ತಾಳೆ. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಪಕ್ಕದಲ್ಲೇ ಅತ್ತೆ ಕೂತಿದ್ದಾರೆ. ನಾಚಿಕೆಯಿಂದ ನನ್ನ ಕಿವಿಗಳು ಬಿಸಿಯಾದವು.

“ಕಾಕಾಗ ಶುಗರ್ ಇರಲೇ ಇಲ್ರಿ ಕಾಕಿ,” ಅಂದೆ. “ಮನಸ್ಸಿನ ಡಾಕ್ಟ್ರ ಕಡೆ ಹೋಗತಿದ್ರು. ನಾನೂ ಅಲ್ಲಿಗೇ ಹೋಗತೀನ್ರಿ.”

ಹೋಳಿಗೆಯ ಭಾರ ಇಳಿದಿರಬೇಕು, ಕಾಕಿಯ ಅಳು ನಿಂತಿತು. ಆದರೆ ಆ ಮುಖ ಹಗುರಾಗಲಿಲ್ಲ.

“ಇಷ್ಟು ವರ್ಷ ಒಂದ ಮನ್ಯಾಗ ಕೂಡಿ ಉಂಡ್ವಿ,” ಅಂದರು. “ನನ್ನ ಮುಂದನೂ ನಾಚಿಗೀನ?”

ಕಾಕಾನ ಪರವಾಗಿ ಏನಾದರೂ ಹೇಳೋಣವೆಂದು ತಲೆ ಎತ್ತಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು.