ಬಚ್ಚಲಿನ ದೀಪದ ಗೂಡು

ನಮ್ಮ ಬಚ್ಚಲಿನ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ದೀಪದ ಗೂಡಿದೆ. ಗೂಡಿನ ತಳಕ್ಕೆ ಕೂರಿಸಿದ ಕಲ್ಲಿನ ಮೇಲೆ ಇದ್ದಲಿಯಿಂದ ಎಳೆದ ಒಂದು ಗೆರೆ. ಗೇಣುದ್ದವೂ ಇಲ್ಲ. ಗೋಡೆಗೆಲ್ಲ ಸುಣ್ಣ ಹೊಡೆದಿದೆ, ಆ ಕಲ್ಲನ್ನು ಮಾತ್ರ ಬಿಟ್ಟಿದೆ. ಇವತ್ತು ಬೆಳಿಗ್ಗೆ ದೀಪ ಇಡುವಾಗ ಒಂದು ಹನಿ ಎಣ್ಣೆ ಅದರ ಮೇಲೆ ಬಿತ್ತು. ಅಂಗಿಯ ಚುಂಗಿನಿಂದ ಒರೆಸಲು ಹೋದವನು ಕೈ ಹಿಂದಕ್ಕೆ ತೆಗೆದೆ. ಒರೆಸಿದರೆ ಗೆರೆಯೂ ಹೋಗುತ್ತದೆ. ಎಣ್ಣೆಯನ್ನು ಕಲ್ಲೇ ಕುಡಿಯಲಿ ಎಂದು ಬಿಟ್ಟು ಬಂದು, ಇದನ್ನು ಬರೆಯಲು ಕೂತಿದ್ದೇನೆ.

ಆ ಗೆರೆ ಎಳೆದ ದಿನ ಬೇರೆ ದಿನಗಳಂತೆಯೇ ಇತ್ತು. ಯಲಬುರ್ಗಾದ ಸಂತೆ ಮುಗಿದ ಮರುದಿನ. ಮಳೆಗೆ ಜರಿದಿದ್ದ ಬಚ್ಚಲಿನ ಮುಂಗೋಡೆಯನ್ನು ಗೌಂಡಿ ಹುಸೇನಸಾಬರು ಹೊಸದಾಗಿ ಕಟ್ಟುತ್ತಿದ್ದರು. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ನಾನು ಪಡಸಾಲೆಯಲ್ಲಿ ಕೂತು ಒಂದು ಅಂಗಿಗೆ ಕಾಜ ಹಾಕುತ್ತಿದ್ದೆ.

“ಮಾಸ್ತರ, ದೀಪಕ್ಕ ಗೂಡ ಎಲ್ಲಿ ಬಿಡಲಿ?” ಎಂದರು ಹುಸೇನಸಾಬರು.

ಮಾಸ್ತರ ಎಂದರೆ ನೀವು ಸಾಲಿ ಮಾಸ್ತರನೆಂದು ತಿಳಿಯಬೇಡಿ. ನಾನು ದರ್ಜಿ. ಉರ್ದು ಸಾಲಿಯಲ್ಲಿ ನಾಲ್ಕನೆಯ ಜಮಾತಿನ ತನಕ ಕಲಿತೆ. ಕನ್ನಡ ಅಪ್ಪ ಕಲಿಸಿದ್ದು, ಅಂಗಡಿಯಲ್ಲಿ ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು.

“ಅದನ್ನ ನನಗ ಕೇಳಬ್ಯಾಡ್ರಿ ಸಾಬ್ರ, ಒಳಗ ಕೇಳ್ರಿ” ಎಂದೆ.

“ಗೊತ್ತೈತ್ರಿ. ಮನಿ ಯಜಮಾನ್ರು ಅಂತ ಒಂದ ಮಾತ ಕೇಳಿದೆ ಅಷ್ಟ” ಎಂದು ನಕ್ಕರು.

ಒಳಗಿದ್ದ ನನ್ನ ಹೆಂಡತಿ ಕೇಳಿಸಿಕೊಂಡೇ ಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು, ಆ ಕೈಯಲ್ಲೇ ಒಲೆಯಿಂದ ತೆಗೆದ ಒಂದು ಇದ್ದಲಿ. “ಏಳ್ರಿ, ಇಲ್ಲಿ ಬಂದ ನಿಂದರ್ರಿ” ಎಂದು ನನ್ನನ್ನು ಎಬ್ಬಿಸಿದಳು. ಬಾಯಲ್ಲಿ ದಾರ ಕಚ್ಚಿಕೊಂಡೇ ಹೋಗಿ ಗೋಡೆಗೆ ಒತ್ತಿ ನಿಂತೆ. ಊರವರ ಅಳತೆ ತೆಗೆಯುವವನ ಅಳತೆಯನ್ನು ಅವಳು ತೆಗೆದಳು. ನನ್ನ ಎದೆಗೆ ಸರಿಯಾಗಿ ಕಲ್ಲಿನ ಮೇಲೆ ಗೆರೆ ಎಳೆದು, “ಕಾಕಾ, ಇಲ್ಲಿಂದ ಮ್ಯಾಲಕ್ಕ ಬಿಡ್ರಿ” ಎಂದಳು.

“ಹಳೇ ಗೂಡು ಇನ್ನೂ ಕೆಳಗ ಇತ್ತಲ್ಲ?” ಎಂದೆ.

“ಅದು ಅತ್ತೀದು. ಇದು ನಿಮ್ಮದು. ಸೂಜಿಗೆ ದಾರ ಪೋಣಸಾಕ ಈಗ ನನ್ನ ಕರೀತೀರಿ. ನಾಳಿ ಬಚ್ಚಲದಾಗ ತಂಬಗಿ ಹುಡುಕಾಕೂ ಕರೀಬ್ಯಾಡ್ರಿ.”

ಹುಸೇನಸಾಬರು ಎಷ್ಟು ನಕ್ಕರೆಂದರೆ ಕೈಯಲ್ಲಿದ್ದ ಕರಣಿ ಕೆಳಗೆ ಬಿತ್ತು. ಮರುದಿನ ಅವಳಿಗೆ ಜ್ವರ ಬಂತು. ಏಳನೆಯ ದಿನ ಹೋದಳು.

ಅವಳ ಹೆಸರು ನೀಲವ್ವ. ಬದುಕಿದ್ದಾಗ ನಾನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ನಮ್ಮಲ್ಲಿ ಹಾಗೆ ಕರೆಯುವುದಿಲ್ಲ. ಈಗ ಬರೆಯುವಾಗ ಹೆಸರಿಲ್ಲದೆ ಆಗದು, ಹಾಗಾಗಿ ಬರೆದಿದ್ದೇನೆ.

ಬಚ್ಚಲಿಗೆ ದೀಪ ಎಲ್ಲಿಡಬೇಕು ಎಂಬ ವಿಷಯದಲ್ಲಿ ಈ ಊರಿನಲ್ಲಿ ಯಾರಿಗಾದರೂ ಅನುಮಾನವಿದ್ದರೆ ನನ್ನ ಬಳಿ ಬರಲಿ. ಜಂಬವಲ್ಲ, ಇದೊಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಾದದ್ದು ಮಾತ್ರ ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ನೀಲವ್ವ ಆನೆಗೊಂದಿಯವಳು. ತುಂಗಭದ್ರೆಯ ದಂಡೆಯಲ್ಲಿ, ದೊಡ್ಡ ದೊಡ್ಡ ಬಂಡೆಗಳ ಮರೆಯಲ್ಲಿ ಹೆಂಗಸರೆಲ್ಲ ಮೀಯುವ ಊರು. ಮದುವೆಯಾಗಿ ಯಲಬುರ್ಗಾಕ್ಕೆ ಬಂದ ಮೊದಲ ದಿನ ನಮ್ಮ ಬಚ್ಚಲನ್ನು ಇಣುಕಿ ನೋಡಿ, ಇದು ಹಗೇವೇನೋ ಎಂದು ಕೇಳಿದ್ದಳು. ಜೋಳ ತುಂಬಿಡಲು ನೆಲದೊಳಗೆ ತೋಡುವ ಹಗೇವಿನಷ್ಟೇ ಅದು ಕತ್ತಲಾಗಿತ್ತು, ಸುಳ್ಳಲ್ಲ. ಅಂಗಳದ ಮೂಲೆಯಲ್ಲಿ ಮೂರು ಗೋಡೆ, ಮುಂದೆ ಒಂದು ತುಂಡು ಗೋಡೆ, ಬಾಗಿಲಿಗೆ ಗೋಣಿತಟ್ಟು, ಮೇಲೆ ಮಣ್ಣಿನ ಮಾಳಿಗೆ. ಒಳಗೆ ಒಂದು ಹಂಡೆ, ಮೀಯಲು ಒಂದು ಕರಿಯ ಹಾಸುಗಲ್ಲು. ಹೊಳೆಯ ನೀರಿನಷ್ಟು ಸಿಗದಿದ್ದರೂ ಚಿಂತೆಯಿಲ್ಲ, ಹೊಳೆಯ ಬೆಳಕು ಬೇಕು ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಬಚ್ಚಲಿಗೆ ಬೆಳಕು ಯಾಕೆ ಬೇಕು, ಕೈಗೆ ತನ್ನ ಮೈ ಎಲ್ಲಿದೆಯೆಂದು ಗೊತ್ತಿಲ್ಲವೇ ಎಂಬುದು ನನ್ನ ವಾದ.

ಆಮೇಲೆ ಅವ್ವನ ಕಣ್ಣಿಗೆ ಪೊರೆ ಬಂತು.

ಒಂದು ಬೆಳಿಗ್ಗೆ ಹಾಸುಗಲ್ಲಿನ ಅಂಚು ಕಾಣದೆ ಅವ್ವ ಜಾರಿ ಬಿದ್ದಳು. ಕೈಯ ಮಣಿಕಟ್ಟು ಬಾತುಕೊಂಡಿತು, ಎಲುಬು ಮುರಿದಿರಲಿಲ್ಲ. ಅಂದಿನಿಂದ ನೀಲವ್ವನೇ ಅವಳಿಗೆ ನೀರು ಎರೆಯತೊಡಗಿದಳು. ಎಂಟು ದಿನ ಅವ್ವ ಸುಮ್ಮನೆ ಎರೆಸಿಕೊಂಡಳು. ಒಂಬತ್ತನೆಯ ದಿನ ಇವತ್ತು ಜಳಕ ಬೇಡ ಎಂದಳು. ಅವ್ವನಿಗೆ ಜಳಕವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಹೀಗೆ ದಿನ ಬಿಟ್ಟು ದಿನ ಉಪವಾಸ ಬೀಳತೊಡಗಿದಳು. ಒಂದೇ ತಿಂಗಳಲ್ಲಿ ಅವಳ ಕುಪ್ಪಸವನ್ನು ನಾನು ಎರಡು ಸಲ ಹಿಡಿದು ಹೊಲಿಯಬೇಕಾಯಿತು. ಅಳತೆಯ ಪಟ್ಟಿ ಸುಳ್ಳು ಹೇಳುವುದಿಲ್ಲ.

“ಯಾಕ ಬೇ, ಆಕಿ ಎರೀತಾಳಲ್ಲ?” ಎಂದೆ.

“ಎರೀತಾಳಪಾ, ಛಲೋನ ಎರೀತಾಳ. ಆದ್ರ ನಾ ಇನ್ನೊಬ್ಬರ ಮುಂದ ಕೂಸಿನಂಗ ಕುಂಡ್ರಾಕ ಒಲ್ಲೆ. ನಿನಗ ತಿಳಿಯಂಗಿಲ್ಲ, ಹೋಗು.”

ನೀಲವ್ವನಿಗೆ ತಿಳಿಯಿತು. “ಅತ್ತಿಗೆ ಬೇಕಾಗಿದ್ದು ಕೈಯಲ್ಲ, ಬೆಳಕು” ಎಂದಳು.

ಈ ಕೆಲಸ ನನಗೆ ಬಿಡು ಎಂದು ನಾನು ಎದ್ದೆ. ಬೆಳಕಿನ ಬಗ್ಗೆ ದರ್ಜಿಗೆ ಯಾರು ಹೇಳಿಕೊಡಬೇಕು? ಎಡಗಡೆಯಿಂದ ಬರಬೇಕು, ಸೂಜಿಯ ಮೇಲೆ ಕೈಯ ನೆರಳು ಬೀಳಬಾರದು; ಇದನ್ನು ನಾನು ಅರ್ಧ ಊರಿಗೆ ಹೇಳಿದವನು. ಮೊದಲು ಹುಸೇನಸಾಬರನ್ನು ಕರೆಸಿ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಕೊರೆಯಿರಿ ಎಂದೆ. ಅವ್ವ ಕೂತಲ್ಲಿಂದಲೇ ಕೂಗಿದಳು:

“ಮ್ಯಾಲ ಮೆಣಸಿನಕಾಯಿ ಒಣಗಸಾಕ ಓಣಿ ಮಂದೆಲ್ಲಾ ಅಡ್ಡಾಡತೈತಿ. ನಾ ಕೆಳಗ ಜಳಕ ಮಾಡಲ್ಯೋ, ಮ್ಯಾಲ ನೋಡಕೋಂತ ಕುಂಡ್ರಲ್ಯೋ?”

ಹುಸೇನಸಾಬರು ಗಡಪಾರೆಯನ್ನು ಹೆಗಲಿಗೇರಿಸಿಕೊಂಡು ಹೋದರು.

ಆಮೇಲೆ ನನ್ನ ಎರಡನೆಯ ಉಪಾಯ. ಬಚ್ಚಲಿನ ಹಿಂಗೋಡೆಗೆ ಒಂದು ಗೂಟ ಬಡಿದು, ಅದಕ್ಕೆ ಕಂದೀಲು ತೂಗುಹಾಕಿದೆ. ಕರಿಯ ಗೋಣಿತಟ್ಟು ಬೆಳಕನ್ನೆಲ್ಲ ನುಂಗುತ್ತದೆಂದು ಅದನ್ನು ತೆಗೆದು, ಬಿಳಿಯ ಮಾದರಪಾಟಿನ ಪರದೆ ಹೊಲಿದು ಕಟ್ಟಿದೆ. ಬಟ್ಟೆ ಮನೆಯಲ್ಲೇ ಇತ್ತು. ತೊಗಲುಗೊಂಬೆ ಆಡಿಸುವವರು ಆ ವರ್ಷ ತಮ್ಮ ಆಟದ ಪರದೆಯನ್ನು ನನ್ನ ಹತ್ತಿರವೇ ಹೊಲಿಸಿದ್ದರು, ಅದರಲ್ಲಿ ಉಳಿದ ತುಂಡು. ಅಂಚು ಮಡಚಿ, ಎರಡು ಸಾಲು ಹೊಲಿಗೆ ಹಾಕಿ, ದೂರ ನಿಂತು ನೋಡಿ ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ. ಓದುವ ನಿಮಗೆ ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ.

ಮರುದಿನ ನಸುಕಿನಲ್ಲಿ ಅವ್ವ ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋದಳು. ಪಡಸಾಲೆಯಲ್ಲಿ ಬೇವೂರಿನ ರೈತರೊಬ್ಬರು ಕೂತಿದ್ದರು. ಮಗನ ಮದುವೆಯ ಕೋಟುಗಳನ್ನು ಒಯ್ಯಲು ಕತ್ತಲಲ್ಲೇ ಬಂಡಿ ಕಟ್ಟಿಕೊಂಡು ಬಂದಿದ್ದರು. ಮಾತಾಡುತ್ತಿದ್ದವರು ಥಟ್ಟನೆ ನಿಲ್ಲಿಸಿ, ಎದ್ದು, ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಅಂಗಳಕ್ಕೆ ತಿರುಗಿ ನೋಡಿದೆ. ಬಿಳಿಯ ಪರದೆಯ ಮೇಲೆ ಅವ್ವನ ನೆರಳು. ಬಿಚ್ಚಿದ ಕೂದಲು, ಬಾಗಿದ ಬೆನ್ನು, ಎತ್ತಿದ ತಂಬಿಗೆ, ಎಲ್ಲವೂ ಗೊಂಬೆಯಾಟದಲ್ಲಿ ಕಾಣುವಷ್ಟೇ ಸ್ಪಷ್ಟ.

ಅಡಿಗೆಮನೆಯಿಂದ ಹೊರಬಂದ ನೀಲವ್ವ ಒಂದು ಕ್ಷಣವೂ ನಿಲ್ಲಲಿಲ್ಲ. ನೆಟ್ಟಗೆ ಹೋಗಿ, ಪರದೆಗೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕೈಯಿಂದ ಅಗಲಕ್ಕೆ ಹಿಡಿದು ನಿಂತುಬಿಟ್ಟಳು. ಯಾಕೆ ಬಂದೆಯೆಂದು ಒಳಗಿನಿಂದ ಅವ್ವ ಕೇಳಬಾರದಲ್ಲ, ಅದಕ್ಕೇ ತಾನೇ ಮೊದಲು ಕೂಗಿದಳು:

“ಬೆಳಕ ಸಾಕೇನ್ರಿ, ಅತ್ತಿ?”

“ಸಾಕಾಗಿ ಮಿಕ್ಕೈತವ್ವಾ! ಕಲ್ಲಿನ ಅಂಚು ಸೈತ ಕಾಣಾಕತ್ತೈತಿ!”

ಆ ದನಿಯಲ್ಲಿ ಎಷ್ಟು ಖುಷಿಯಿತ್ತೆಂದು ಹೇಗೆ ಹೇಳಲಿ. ಜಳಕ ಮುಗಿಯುವ ತನಕ ನೀಲವ್ವ ಹಾಗೆಯೇ ನಿಂತಿದ್ದಳು. ಅವ್ವ ಅಂದು ಎರಡು ರೊಟ್ಟಿ ಉಂಡಳು. ಬೇವೂರಿನವರು ಕೋಟುಗಳನ್ನು ಎತ್ತಿಕೊಂಡು ನನ್ನ ಮುಖ ನೋಡದೆ ಹೋದರು. ಆಮೇಲೆಯೂ ನನ್ನ ಹತ್ತಿರವೇ ಹೊಲಿಸುತ್ತಿದ್ದರು. ಆ ಮಾತನ್ನು ಎಂದೂ ಎತ್ತಲಿಲ್ಲ. ದೊಡ್ಡ ಮನುಷ್ಯರು.

“ಅವ್ವಗ ಹೇಳೂಣೇನು?” ಎಂದು ಪಿಸುಗುಟ್ಟಿದೆ.

“ಹೇಳಿದ್ರ ಮತ್ತ ಊಟ ಬಿಡ್ತಾರ. ನಾಳಿ ನಸಕಿನ್ಯಾಗ ಅವರು ಹೋಗೂದ್ರಾಗ ಸರಿ ಮಾಡೂಣು.” ಆಮೇಲೆ, ತಡೆಯಲಾರದೆ, “ಗೊಂಬಿ ಆಟದ ಪರದಿ ಹೊಲದಾವ್ರು ನೀವ ಅಲ್ಲೇನ್ರಿ? ದೀಪ ಹಿಂದ ಇಟ್ರ ಏನಾಕ್ಕೈತಿ ಅಂತ ಅವರನ್ನರೆ ಒಂದ ಮಾತ ಕೇಳಬಾರದ?” ಎಂದಳು.

ಅಂದು ಅವಳು ಮಾಡಿದ ಕೆಲಸವನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಮೊದಲು ನನ್ನ ಚಿಂದಿಯ ಗಂಟಿನಿಂದ ತೆಳುವಾದ ಮಲಮಲ್ಲಿನ ತುಂಡುಗಳನ್ನು ಆರಿಸಿದಳು. ಅಂಗಳದ ಆಚೆ ತುದಿಗೆ ಹೋಗಿ, “ಅತ್ತಿ, ಎಷ್ಟ ಬೆರಳ್ರಿ?” ಎಂದು ಕೈ ಎತ್ತಿದಳು. ಅವ್ವನಿಗೆ ಕಾಣಲಿಲ್ಲ. ಒಂದೊಂದೇ ಹೆಜ್ಜೆ ಹತ್ತಿರ ಬಂದಳು. ಅವ್ವ ಮೂರು ಎಂದು ಸರಿಯಾಗಿ ಹೇಳಿದ ಜಾಗದಲ್ಲಿ ನೆಲಕ್ಕೆ ಒಂದು ಗುರುತು ಹಾಕಿದಳು. ಆಮೇಲೆ ನನ್ನನ್ನು ಬೆರಳೆತ್ತಿ ನಿಲ್ಲಿಸಿ, ತನ್ನ ಕಣ್ಣಿಗೆ ಮಲಮಲ್ ಕಟ್ಟಿಕೊಂಡು, ಅದೇ ಗುರುತಿಗೆ ಬಂದಾಗಷ್ಟೇ ಬೆರಳು ಕಾಣುವ ತನಕ ಪದರ ಏರಿಸುತ್ತ ಹೋದಳು. ನಾಲ್ಕು ಪದರಕ್ಕೆ ಸರಿಹೋಯಿತು.

“ಅತ್ತೀ ಕಣ್ಣು ಇಷ್ಟ ಐತಿ ನೋಡ್ರಿ” ಎಂದು, ಆ ನಾಲ್ಕು ಪದರ ಕಟ್ಟಿಕೊಂಡೇ ಬಚ್ಚಲಿಗೆ ಹೋದಳು. ಒಳಗೆ ಕೈ ಆಡಿಸುತ್ತ, ಕಂದೀಲನ್ನು ಅಲ್ಲಿಡಿ, ಇಲ್ಲಿಡಿ ಎಂದು ನನ್ನನ್ನು ಕುಣಿಸಿದಳು. ಹಿಂಗೋಡೆಗೆ ಬೇಡ. ನೆತ್ತಿಯ ಮೇಲೆ ಬೇಡ, ಬಗ್ಗಿದರೆ ಹಾಸುಗಲ್ಲಿನ ಮೇಲೆ ತಲೆಯದೇ ನೆರಳು. ಹಂಡೆಯ ಹತ್ತಿರ ಬೇಡ, ನೀರು ಸಿಡಿದರೆ ಕಾದ ಗಾಜು ಚಟ್ಟನೆ ಸೀಳುತ್ತದೆ. ಕೊನೆಗೆ ಬಾಗಿಲ ಪಕ್ಕದ ಮುಂಗೋಡೆಯಲ್ಲಿ, ಅವ್ವನ ಎದೆಮಟ್ಟಕ್ಕೆ ನಿಲ್ಲಿಸಿದಳು.

“ಹೊಳ್ಯಾಗ ಹೊತ್ತು ಹುಟ್ಟೂ ಕಡೆ ಮಾರಿ ಮಾಡಿ ನಿಂತ್ರ ನೆಳ್ಳು ಬೆನ್ನ ಹಿಂದಿನ ಬಂಡೆಗಲ್ಲ ಮ್ಯಾಲ ಬೀಳತೈತಿ. ಇಲ್ಲೂ ಹಂಗ ಬೀಳಲಿ. ಹಿಂದಿನ ಗ್ವಾಡಿ ನೋಡಿದ್ರ ಯಾರಿಗೇನು?”

ಮಧ್ಯಾಹ್ನ ಹುಸೇನಸಾಬರು ಬಂದು ಅಲ್ಲಿಯೇ ಗೂಡು ಕೊರೆದರು. ಹಿಂಗೋಡೆಗೆ ನೀಲವ್ವನೇ ಸುಣ್ಣ ಬಳಿದಳು, ಬೆಳಕು ಅದಕ್ಕೆ ಬಡಿದು ತಿರುಗಿ ಬರಲೆಂದು. ಕರಿಯ ಹಾಸುಗಲ್ಲಿನ ಅಂಚಿಗೆ ಬೆರಳಗಲದ ಸುಣ್ಣದ ಗೆರೆ ಎಳೆದಳು. ನನ್ನ ಬಿಳಿಯ ಪರದೆ ಇಳಿದು ಹಳೆಯ ಗೋಣಿತಟ್ಟು ಮತ್ತೆ ಏರಿತು. ಸಂಜೆ ಒಳಗೆ ದೀಪವಿಟ್ಟು, ನನ್ನನ್ನು ಸೀರೆ ಸುತ್ತಿಸಿ ಒಳಗೆ ಕೂರಿಸಿ, ತಾನು ಪಡಸಾಲೆಯಲ್ಲಿ ಬೇವೂರಿನವರು ಕೂತಿದ್ದ ಜಾಗದಲ್ಲೇ ಕೂತು ನೋಡಿದಳು. ನಾನು ಗಾಳಿಯಲ್ಲಿ ತಂಬಿಗೆ ಎತ್ತಿ ಎತ್ತಿ ಸುರಿದುಕೊಂಡೆ.

“ಏನರೆ ಕಾಣತೈತೇನ?” ಎಂದು ಕೂಗಿದೆ.

“ಏನೂ ಕಾಣವಲ್ದು. ಬಳಿ ಸದ್ದೂ ಕೇಳವಲ್ದು. ಹೆಂಗಸಾಗಾಕ ನೀವು ಇನ್ನೂ ಕಲೀಬೇಕ್ರಿ.”

ಅವ್ವನಿಗೆ ಪರದೆಯ ಕತೆ ಕೊನೆಯ ತನಕ ಗೊತ್ತಾಗಲಿಲ್ಲ. ದೀಪದ ಜಾಗ ಯಾಕೆ ಬದಲಾಯಿತೆಂದು ಕೇಳಿದಾಗ, ಗಾಜು ಒಡೆಯುವ ಭಯಕ್ಕೆ ಎಂದೆವು. ಅರ್ಧ ನಿಜವೇ. ಸುಣ್ಣದ ಗೆರೆ ಮಾಸುವ ಮೊದಲೇ ನೀಲವ್ವ ಮತ್ತೆ ಎಳೆಯುತ್ತಿದ್ದಳು. ಯುದ್ಧದ ವರ್ಷಗಳಲ್ಲಿ ಕಂದೀಲಿನ ಚಿಮಣಿ ಎಣ್ಣೆ ಸಿಗದಾದಾಗ ಗೂಡಿನಲ್ಲಿ ಔಡಲೆಣ್ಣೆಯ ಪಣತಿ ಇಟ್ಟಳು. ಬೆಳಕು ಸಣ್ಣದಾಯಿತೆಂದು ತಗಡಿನ ಡಬ್ಬಿಯೊಂದನ್ನು ಬಿಚ್ಚಿ, ಬೂದಿ ಹಾಕಿ ತಿಕ್ಕಿ, ಪಣತಿಯ ಹಿಂದೆ ನಿಲ್ಲಿಸಿದಳು. ಅವ್ವ ಇನ್ನೂ ಆರು ವರ್ಷ ಇದ್ದಳು. ಹಾಸಿಗೆ ಹಿಡಿದ ಕೊನೆಯ ಮೂರು ದಿನಗಳನ್ನು ಬಿಟ್ಟರೆ, ಉಳಿದ ಎಲ್ಲ ದಿನವೂ ತಾನೇ ಮಿಂದು, ತಾನೇ ಉಂಡಳು.

ಒಂದು ರೂಢಿ ಮಾತ್ರ ಉಳಿಯಿತು. ಯಾರು ಬಚ್ಚಲಿಗೆ ಹೋದರೂ, ಒಲೆಯ ಮುಂದೆ ಕೂತೇ ನೀಲವ್ವ “ಬೆಳಕ ಸಾಕೇನ್ರಿ?” ಎಂದು ಕೂಗುತ್ತಿದ್ದಳು. ಅವ್ವ ಹೋದ ಮೇಲೆ ನನಗೆ ಕೂಗುತ್ತಿದ್ದಳು. ಹಗಲಾದರೂ ಸೈ. “ಸಾಕು” ಎನ್ನುತ್ತಿದ್ದೆ. ಒಮ್ಮೊಮ್ಮೆ ಅದನ್ನೂ ಅನ್ನದೆ ಬರೀ ಹೂಂಗುಟ್ಟುತ್ತಿದ್ದೆ.

ಅವಳು ಹೋದ ಹನ್ನೊಂದು ದಿನಕ್ಕೆ ಹುಸೇನಸಾಬರು ಬಂದು ಉಳಿದ ಗೋಡೆ ಮುಗಿಸಿದರು. ಗೆರೆಯ ಮೇಲೆಯೇ ಗೂಡು ಬಿಟ್ಟಿದ್ದರು, ಒಂದು ಬೆರಳೂ ಆಚೀಚೆ ಇಲ್ಲ. ಸುಣ್ಣ ಹೊಡೆಯುವಾಗ ಆ ಕಲ್ಲಿನ ಹತ್ತಿರ ಕುಂಚ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಬೇಡವೆಂದು ಕೈ ಆಡಿಸಿದೆ. ಅವರು ಕಲ್ಲನ್ನು ಬಿಟ್ಟು ಅದರ ಸುತ್ತ ಕುಂಚ ಆಡಿಸಿದರು.

ದಿನವೂ ನಸುಕಿನಲ್ಲಿ ನಾನೇ ದೀಪ ಹಚ್ಚಿ ಗೂಡಿನಲ್ಲಿ ಇಡುತ್ತೇನೆ. ಅವಳ ಲೆಕ್ಕ ತಪ್ಪಿಲ್ಲ. ಹಾಸುಗಲ್ಲಿನ ಅಂಚು ಕಾಣುತ್ತದೆ, ತಂಬಿಗೆ ಕಾಣುತ್ತದೆ, ನನ್ನ ನೆರಳು ಹಿಂಗೋಡೆಯ ಮೇಲೆ ಬೀಳುತ್ತದೆ. ನನ್ನ ಕಣ್ಣು ಇನ್ನೂ ಎರಡು ಪದರ ಮಂದವಾದರೂ ಈ ಬಚ್ಚಲಿನಲ್ಲಿ ನಾನು ಬೀಳುವುದಿಲ್ಲ, ಇದು ಖಾತ್ರಿ. ಮೊದಲ ತಂಬಿಗೆ ಸುರಿದುಕೊಂಡು ಒಲೆಯ ಕಡೆ ಕಿವಿಗೊಡುತ್ತೇನೆ. ಆಮೇಲೆ ಎರಡನೆಯದನ್ನು ಎತ್ತುತ್ತೇನೆ. ಬೆಳಕು ಸಾಕಷ್ಟಿದೆ. ಸಾಕೇ ಎಂದು ಕೇಳುವವಳು ಇಲ್ಲ.