ಕೆಜಾಯಳ ನೀಲಿ ಮಡಕೆ

"ಹನ್ನೊಂದು ವರ್ಷದಿಂದ ನನ್ನ ಗಂಟಲೊಳಗೆ ನೀರು ಬಿಟ್ಟು ಬೇರೇನೂ ಇಳಿದಿಲ್ಲ, ಗಂಟಲಿಂದಾಚೆ ಕೀರ್ತನೆ ಬಿಟ್ಟು ಬೇರೇನೂ ಹೊರಟಿಲ್ಲ," ಎಂದು ಊರ ಚರ್ಚಿನ ಹಿರಿಯರಾದ ಡೀಕನ್ ಒಬೇಡ್ ಹ್ಯಾಲೆಟ್ ಪ್ರತಿ ಭಾನುವಾರ ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ನಿಂತು ಸಾರುತ್ತಿದ್ದರು. ಕೇಳಿ ಕೇಳಿ ಹೆರಿಂಗ್ ಕೊಲ್ಲಿಯ ಕಡಲಹಕ್ಕಿಗಳಿಗೂ ಅದು ಬಾಯಿಪಾಠವಾಗಿತ್ತು.

ಜಾಬೆಜ್ ನೈ ಆ ಊರಿನ ಕಾನ್‌ಸ್ಟೇಬಲ್. ಅಮೆರಿಕ ಇನ್ನೂ ವಸಾಹತಾಗಿದ್ದ ಕಾಲದಲ್ಲಿ ಇಂಗ್ಲೆಂಡಿನ ದೊರೆಯ ಹೆಸರಿನಲ್ಲಿ ಕೋಲು ಹಿಡಿದ ಮನುಷ್ಯ. ಆದರೆ ಹೊಟ್ಟೆ ಮಾತ್ರ ಮೂರು ತಿಂಗಳ ಬಸುರಿಯದು. ಕೊಳೆತ ಮೀನಿನ ಹೆಸರೆತ್ತಿದರೂ ಬೆಳಗಿನ ಜೋಳದ ಗಂಜಿ ಗಂಟಲಿಗೆ ಬರುತ್ತಿತ್ತು. ಮೀನು ಒಣಗಿಸಿಯೇ ಬದುಕುವ ಊರಿನಲ್ಲಿ ಇಂಥವನನ್ನು ಹುಟ್ಟಿಸಿದ್ದು ದೇವರ ಕುಚೇಷ್ಟೆ. ಅದಕ್ಕಿಂತ ದೊಡ್ಡ ಕುಚೇಷ್ಟೆಯೆಂದರೆ, ಬಟ್ಟೆ ಹೊಲಿಯುವ ಕೆಜಾಯ ಡೋನ್ ಅವನ ಗೋಡೆಗೆ ಗೋಡೆ ತಾಗಿಸಿಕೊಂಡು ಬಂದು ನೆಲೆಸಿದ್ದು.

ಕೆಜಾಯ ನ್ಯಾಂಟಕೆಟ್ ದ್ವೀಪದ ವಿಧವೆ. ಅವಳ ಗಂಡನನ್ನು ತಿಮಿಂಗಿಲ ನುಂಗಿತೆಂದೂ, ಇವಳು ಹೊಲಿದುಕೊಟ್ಟ ಅಂಗಿ ಅದರ ಹೊಟ್ಟೆಯಲ್ಲಿ ಅರಗದೆ ಮೂರು ವರ್ಷದ ಮೇಲೆ ಗುಂಡಿಸಮೇತ ದಡಕ್ಕೆ ಬಂತೆಂದೂ ಊರು ನಂಬಿತ್ತು. ಬಿರುಗಾಳಿಯಲ್ಲಿ ಹರಿದ ಹಾಯಿಯನ್ನು ಅದು ಹಾರಾಡುತ್ತಿರುವಾಗಲೇ ಕಂಬ ಹತ್ತಿ ಹೊಲಿದಳಂತೆ. ಭರದಲ್ಲಿ ಒಂದು ಕಡಲಹಕ್ಕಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದರಿಂದ ಆ ಹಡಗು ಇವತ್ತಿಗೂ ಮೀನು ಕಂಡರೆ ಕಿರುಚುತ್ತದಂತೆ. ಇದನ್ನೆಲ್ಲ ಕೇಳಿದರೆ ಕೆಜಾಯ ದಾರವನ್ನು ಹಲ್ಲಿನಿಂದ ಕಡಿದು, "ಗಂಡ ಸತ್ತಿದ್ದು ಭೇದಿಯಾಗಿ. ಅಂಗಿ ಒಗೆದೋಳು ನಾನು," ಎನ್ನುತ್ತಿದ್ದಳು. ಒಗೆದ ವಿವರವನ್ನೂ ಹೇಳಲು ಬಾಯಿ ತೆರೆಯುವಳು. ಅಷ್ಟರಲ್ಲಿ ಜಾಬೆಜ್ ಎದ್ದು ಹೋಗಿರುತ್ತಿದ್ದ.

ಬಂದ ಹತ್ತು ತಿಂಗಳಲ್ಲಿ ಊರಿನ ಅರ್ಧ ಮೈ ಅವಳ ಹೊಲಿಗೆಯೊಳಗೆ ಸೇರಿತ್ತು. ಕೂಸಿನ ಅಂಗಿಯಿಂದ ಹೆಣದ ಹೊದಿಕೆಯವರೆಗೆ ಎಲ್ಲವೂ ಅವಳದೇ. ತೊಂದರೆಯಿದ್ದದ್ದು ಅವಳ ಒಲೆಯ ಪಕ್ಕದ ನೀಲಿ ಮಡಕೆಯಲ್ಲಿ. ನೀಲಿ ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿ ಹಳಸಿದ ಉಚ್ಚೆಯಲ್ಲಿ ವಾರಗಟ್ಟಲೆ ಬೆಚ್ಚಗೆ ನೆನೆಹಾಕಿದರೆ ತಾನೆ ಬಣ್ಣ ಬಿಡುವುದು? ಅಂಥದ್ದೊಂದು ಪುಟ್ಟ ಮಡಕೆ ಎಲ್ಲರ ಮನೆಯಲ್ಲೂ ಇತ್ತು. ಕೆಜಾಯಳದು ಮಾತ್ರ ಕರು ಮುಳುಗುವಷ್ಟು ದೊಡ್ಡದು. ಅದರ ಮುಚ್ಚಳ ತೆಗೆದ ದಿನ ಹಸುವಿನ ಹಾಲು ಕೆಚ್ಚಲಲ್ಲೇ ಒಡೆಯುತ್ತಿತ್ತು, ನೊಣಗಳು ಮೂರ್ಛೆ ಬೀಳುತ್ತಿದ್ದವು. ಜಾಬೆಜ್ ಮೂಗಿಗೆ ಮೇಣದ ಉಂಡೆ ತುರುಕಿಕೊಂಡು ಊಟಕ್ಕೆ ಕೂರುತ್ತಿದ್ದ.

ಈ ನಾತ ಸಹಿಸಲಾಗದು ಎಂದು ಡೀಕನರು ಪಟ್ಟು ಹಿಡಿದರು. ಹೊರಗಿನಿಂದ ಬಂದವರನ್ನು ವರ್ಷ ತುಂಬುವುದರೊಳಗೆ ಚೀಟಿ ಕೊಟ್ಟು ಊರು ಬಿಡಿಸುವ ಹಕ್ಕು ಊರಿಗಿತ್ತು. ವರ್ಷ ತುಂಬಿದರೆ ಅವರೂ ಊರಿನವರೇ. ಕೆಜಾಯಳಿಗೆ ಎರಡು ತಿಂಗಳು ಬಾಕಿ. ಚೀಟಿ ಹಿಡಿದು ಜಾಬೆಜ್ ಹೋದ.

"ಕೆಜಾಯಕ್ಕ, ಬೇಜಾರು ಮಾಡ್ಕೋಬೇಡ. ನೀನು ಹೋಗ್ಬೇಕಂತೆ."

"ಎಲ್ಲಿಗೋ? ದ್ವೀಪದಲ್ಲಿ ನನ್ನೋರು ಅಂತ ಇರೋದು ಗೋರಿಗಳು ಮಾತ್ರ. ಮುಂದೆ ಚಳಿಗಾಲ. ಊರಿಂದೂರಿಗೆ ಅಟ್ಟಿಸ್ಕೊಂಡು ಯಾವ್ದೋ ಬೇಲಿ ಬುಡದಲ್ಲಿ ಸೆಟೆದು ಸಾಯ್ಲಾ?"

"ಹಂಗಾದ್ರೆ ಆ ಹೊಲಸು ಚೆಲ್ಲಿಬಿಡು."

"ಹೊಲಸಾ? ನೀನು ಹಾಕ್ಕೊಂಡಿರೋ ನೀಲಿ ಕೋಟು ಯಾವುದ್ರಲ್ಲಿ ಅದ್ದಿದ್ದು ಅಂದ್ಕೊಂಡಿದೀಯ, ಗುಲಾಬಿ ನೀರಲ್ಲಾ?"

ಜಾಬೆಜ್ ತನ್ನ ತೋಳನ್ನು ನೋಡಿಕೊಂಡ. ಊಟವಾದ ಮೇಲೆ ಅದೇ ತೋಳಿನಿಂದ ಬಾಯಿ ಒರೆಸಿಕೊಳ್ಳುವ ಅಭ್ಯಾಸ ಅವನಿಗೆ ನೆನಪಾಯಿತು.

ಅವಳ ಪುಣ್ಯಕ್ಕೆ ಅದೇ ವಾರ ಊರ ದಂಡಿಗೆ ಆಜ್ಞೆ ಬಂತು: ಆರು ವಾರದಲ್ಲಿ ಕವಾಯತು, ಅದಕ್ಕೊಂದು ದೊಡ್ಡ ನೀಲಿ ಬಾವುಟ. ಅಷ್ಟಗಲದ ಬಟ್ಟೆ ಅದ್ದುವ ಮಡಕೆ ಸುತ್ತ ಹತ್ತೂರಿನಲ್ಲಿ ಮತ್ತೊಂದಿಲ್ಲ. ಊರ ಸಭೆ ಸೇರಿ ತೀರ್ಮಾನಿಸಿತು: ಬಾವುಟ ನೀಲಿಯಾದರೆ ಚೀಟಿ ಹರಿಯುವುದು, ಆಗದಿದ್ದರೆ ಅಂದೇ ಗಂಟುಮೂಟೆ.

ಕೆಜಾಯ ಒಂದೇ ಷರತ್ತು ಹಾಕಿದಳು. "ಮಡಕೆ ಹೊಸದಾಗಿ ತುಂಬ್ಬೇಕು. ಮನೆಮನೆಯಿಂದ ಉಚ್ಚೆ ತನ್ನಿ. ರಮ್ ಕುಡಿಯೋರದ್ದು ಮಾತ್ರ ಬೇಡ. ಒಂದು ಪಾತ್ರೆ ಬಿದ್ರೂ ಇಡೀ ಮಡಕೆ ಸತ್ತುಹೋಗುತ್ತೆ."

ಅಂದು ಊರಿನ ಮುಕ್ಕಾಲು ಗಂಡಸರು ಬೀದಿಗೆ ತಲೆ ಹಾಕಲಿಲ್ಲ. ಹತ್ತು ಮನೆಗಳವರು ತಂದುಕೊಟ್ಟರು. ಹನ್ನೊಂದನೆಯವರಾಗಿ ಬಂದವರು ಡೀಕನರು. ಹೆಂಡತಿ ಸತ್ತು, ಆಳುಕಾಳಿಲ್ಲದೆ ಒಬ್ಬರೇ ಇದ್ದವರು; ಆದರೂ ಅವರದೇ ಎಲ್ಲಕ್ಕಿಂತ ದೊಡ್ಡ ಪಾತ್ರೆ. ಗಂಜಿ ಹಾಕಿದ ಬಿಳಿ ಬಟ್ಟೆ ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ದಾರಿಯಲ್ಲಿ ಸಿಕ್ಕವರಿಗೆಲ್ಲ ತಲೆಬಾಗಿಸುತ್ತ ನಡುಬೀದಿಯಲ್ಲಿ ನಿಧಾನವಾಗಿ ನಡೆದರು. ಹೆಂಗಸರ ಮೂಢನಂಬಿಕೆಗೆ ಹೆದರುವ ಜಾತಿ ಅವರದಲ್ಲ.

ಮೂರು ವಾರದ ಮೇಲೆ ಊರೆಲ್ಲ ಕೆಜಾಯಳ ಅಂಗಳದಲ್ಲಿ ಮೂಗು ಮುಚ್ಚಿಕೊಂಡು ನೆರೆಯಿತು. ಅವಳು ಬಟ್ಟೆಯ ಒಂದು ಅಂಚನ್ನು ಅದ್ದಿ ಎತ್ತಿದಳು. ಹಸಿರಾಗಿ ಬಂದು, ಗಾಳಿ ತಾಗಿದ ಕೂಡಲೇ ನೀಲಿಗೆ ತಿರುಗುವುದು ಒಳ್ಳೆಯ ಮಡಕೆಯ ಗುಣ. ಈ ಅಂಚು ಕಾಯಿಲೆ ನಾಯಿ ಕಕ್ಕಿದ ಬಣ್ಣದಲ್ಲಿ ಬಂದು, ಅದೇ ಬಣ್ಣದಲ್ಲಿ ನಿಂತಿತು.

"ಜಾಬೆಜ್, ಚೀಟಿ ತೆಗಿಯಪ್ಪ," ಎಂದರು ಡೀಕನರು.

"ತಡೀರಿ," ಎಂದು ಕೆಜಾಯ ಒಳಗಿನಿಂದ ಹನ್ನೊಂದು ಮಣ್ಣಿನ ಬಟ್ಟಲು ತಂದು ಸಾಲಾಗಿ ಇಟ್ಟಳು. ಪ್ರತಿ ಮನೆಯ ಪಾಲಿನಿಂದ ಮೊದಲ ದಿನವೇ ಒಂದಿಷ್ಟು ತೆಗೆದಿಟ್ಟು, ಚಿಟಿಕೆ ನೀಲಿ ಹಾಕಿ, ಬಿಳಿ ದಾರ ಇಳಿಬಿಟ್ಟಿದ್ದಳು. ಯಾರದು ಯಾವುದೆಂದು ತಿಳಿಯಲು ಆಯಾ ಮನೆಯವರು ತಮ್ಮ ಕುರಿಗಳ ಕಿವಿಯಲ್ಲಿ ಕತ್ತರಿಸುವ ಗುರುತನ್ನೇ ಬಟ್ಟಲ ಮೇಲೆ ಗೀಚಿದ್ದಳು. "ಹಿಂದೊಂದ್ಸಲ ಮೋಸ ಹೋಗಿದೀನಿ. ಕಾನ್‌ಸ್ಟೇಬಲಪ್ಪ, ಇಲ್ಲಿ ಪ್ರಮಾಣ ಮಾಡಿರೋ ಮೂಗು ಅಂತ ಇರೋದು ನಿಂದೊಂದೇ. ಬಾ, ಮೂಸು."

"ಅಕ್ಕಾ, ಬೇಡ ಕಣೇ..."

"ದೊರೆ ಕೆಲಸ. ಮೂಸು!"

ಜಾಬೆಜ್ ಮಂಡಿಯೂರಿದ. ಮೊದಲ ಬಟ್ಟಲಿಗೆ ಅವನ ಹುಬ್ಬು ಸುರುಟಿತು. ನಾಲ್ಕನೆಯದಕ್ಕೆ ಸತ್ತ ಅಜ್ಜ ಕಣ್ಣ ಮುಂದೆ ಬಂದು ಕೈಬೀಸಿ ಕರೆದ. ಏಳನೆಯ ಮನೆಯವರು ಹೋದ ತಿಂಗಳೆಲ್ಲ ಹಳಸಿದ ಕೋಸು ತಿಂದಿದ್ದರೆಂದು ಆಣೆ ಇಟ್ಟು ಹೇಳಬಲ್ಲವನಾದ. ಹತ್ತರಲ್ಲೂ ದಾರ ನೀಲಿಯಾಗಿತ್ತು. ಹನ್ನೊಂದರ ಮೇಲೆ ಬಗ್ಗಿದವನು ಒಮ್ಮೆ ಮೂಸಿ, ಮತ್ತೆ ಮೂಸಿದ.

"ರಮ್ಮು," ಎಂದ. "ಜಮೈಕಾದ್ದು. ಹಳೇದು. ನಮ್ಮಂಥೋರಿಗೆ ಸಿಗೋ ಮಾಲಲ್ಲ."

ಆ ದಾರ ಪಾತ್ರೆ ತೊಳೆದ ನೀರಿನ ಬಣ್ಣಕ್ಕಿತ್ತು. ಬಟ್ಟಲ ಮೇಲೆ ಎಡಗಿವಿ, ಎರಡು ಕಚ್ಚು. ಹ್ಯಾಲೆಟ್ ಮನೆಯ ಕುರಿಗಳನ್ನು ಗುರುತಿಸದವರು ಊರಿನಲ್ಲಿ ಯಾರಿದ್ದರು?

"ಹಲ್ಲುನೋವಿಗೆ ಒಂದ್ ತೊಟ್ಟು... ಔಷಧಿ ಥರ..." ಎಂದರು ಡೀಕನರು.

"ಹಲ್ಲೇ ಇಲ್ವಲ್ಲ ಸ್ವಾಮಿ ನಿಮ್ಗೆ!" ಎಂದಳು ಕೆಜಾಯ.

ಹನ್ನೊಂದು ಬಟ್ಟಲು ಮೂಸಿ ತಡೆದುಕೊಂಡಿದ್ದ ಜಾಬೆಜ್, ಆ ಬೊಚ್ಚುಬಾಯಿ ಮತ್ತೆ ಔಷಧಿ ಎನ್ನುವುದನ್ನು ಕೇಳಿ ಬೇಲಿಯ ಹತ್ತಿರ ಓಡಿ ವಾಂತಿ ಮಾಡಿಕೊಂಡ.

ಹತ್ತು ಮನೆಗಳವರು ಮತ್ತೆ ತುಂಬಿಕೊಟ್ಟರು. ಕವಾಯತಿನ ಹಿಂದಿನ ದಿನ ಬಟ್ಟೆ ಹಸಿರಾಗಿ ಮೇಲೆದ್ದು, ಜನ ನೋಡುತ್ತಿದ್ದಂತೆ ಆಳವಾದ ನೀಲಿಗೆ ತಿರುಗಿತು. ಜಾಬೆಜ್ ಚೀಟಿಯನ್ನು ಹದಿನಾರು ಚೂರು ಮಾಡಿದ. ಆ ಬಾವುಟ ಕಂಡ ಫ್ರೆಂಚರ ಹಡಗೊಂದು ಹೆದರಿ ದಿಕ್ಕು ಬದಲಿಸಿತೆಂದು ಊರು ಆಮೇಲೆ ಕೊಚ್ಚಿಕೊಂಡಿತು. ಆ ಹೊತ್ತಿನಲ್ಲಿ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂಬುದು ಜಾಬೆಜ್‌ಗೆ ಗೊತ್ತು.

ಕವಾಯತು ಮುಗಿದ ಮೇಲೆ ಡೀಕನರು ಎಲ್ಲರ ಮುಂದೆ ಕೆಜಾಯಳ ಬಳಿ ಬಂದರು. ಅವರ ಪದವಿಗೇನೂ ಕುಂದು ಬಂದಿರಲಿಲ್ಲ. ಅಂಥವರಿಗೆ ಬರುವುದೂ ಇಲ್ಲ.

"ನೀನು ಇರು ಕೆಜಾಯಮ್ಮ, ಊರು ದೊಡ್ಡ ಮನಸ್ಸು ಮಾಡಿದೆ. ಆದ್ರೆ ಆ ಮಡಕೆ ಊರಾಚೆ ಹೋಗ್ಲೇಬೇಕು. ನಾತ ತಡಿಯೋಕಾಗ್ತಿಲ್ಲ."

ಕೆಜಾಯ ಬಾವುಟದ ಅಂಚಿನಲ್ಲಿ ಉಳಿದಿದ್ದ ದಾರವನ್ನು ಕಡಿದು ಉಗಿದಳು.

"ಕಳಿಸ್ತೀನಿ ಸ್ವಾಮಿ. ಆದ್ರೆ ಮಡಕೆ ಹೋದ್ಮೇಲೂ ನಾತ ಇಲ್ಲೇ ಉಳೀತು ಅಂದ್ರೆ, ಆಮೇಲೆ ಯಾರನ್ನ ಊರು ಬಿಡಿಸ್ತೀರಿ?"